ಹೆಚ್ಚು ಪಾಯಿಂಟ್ ಗೆದ್ದ ಫೆಡರರ್ 2019ರ ವಿಂಬಲ್ಡನ್ ಫೈನಲ್ ಸೋತದ್ದು ಹೇಗೆ?

ನೀವು ಕೇಳಿರುವುದು ಇಷ್ಟು: 2019ರ ವಿಂಬಲ್ಡನ್ ಫೈನಲ್‌ನಲ್ಲಿ ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್), ವಿನ್ನರ್ (ಎದುರಾಳಿಗೆ ಮರಳಿಸಲಾಗದ ಹೊಡೆತ), ಬ್ರೇಕ್ (ಸರ್ವ್ ಮುರಿಯುವುದು, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮ್ ಗೆಲ್ಲುವುದು), ಒಟ್ಟು ಪಾಯಿಂಟ್ ಎಲ್ಲದರಲ್ಲೂ ಫೆಡರರ್ ಮುಂದಿದ್ದರು, ಆದರೂ ಕಪ್ ಜೊಕೊವಿಚ್ ಕೈಗೆ ಹೋಯಿತು. ಇದು ಬರೀ ಅದೃಷ್ಟವೇ, ಅಥವಾ ಅಂಕಿಗಳಲ್ಲೇ ಉತ್ತರ ಇದೆಯೇ?

ಅಂಕಿಗಳಲ್ಲೇ ಇದೆ. ಆದರೆ ಪಂದ್ಯ ಮುಗಿದ ಮೇಲೆ ಟಿವಿಯಲ್ಲಿ ತೋರಿಸುವ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಆ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಕೂಡಿಸಿಬಿಡುತ್ತದೆ. ಈ ಪಂದ್ಯವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಕೂಡಿಸಿದ್ದನ್ನು ಬಿಡಿಸಬೇಕು. ನನಗೆ ಈ ಪಂದ್ಯದ ಮೇಲೆ ವಿಪರೀತ ಪ್ರೀತಿ. ಮತ್ತೆ ನೋಡುವಾಗ ನೋಟ್‌ಬುಕ್ಕಿನಲ್ಲಿ ಪಾಯಿಂಟಿಗೊಂದು ಗೆರೆ ಎಳೆಯುತ್ತಾ ಪೂರ್ತಿ ನೋಡಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಮೊದಲು ಎಲ್ಲರಿಗೂ ಗೊತ್ತಿರುವ ಲೆಕ್ಕ. ಜುಲೈ 14, 2019. ಜೊಕೊವಿಚ್ ಗೆದ್ದದ್ದು 7-6, 1-6, 7-6, 4-6, 13-12ರಿಂದ. ಆಟ ನಡೆದದ್ದು 4 ಗಂಟೆ 57 ನಿಮಿಷ, ವಿಂಬಲ್ಡನ್ ಸಿಂಗಲ್ಸ್ ಫೈನಲ್‌ಗಳಲ್ಲೇ ಅತಿ ದೀರ್ಘ. ಒಟ್ಟು 422 ಪಾಯಿಂಟ್‌ಗಳಲ್ಲಿ ಫೆಡರರ್‌ಗೆ 218, ಜೊಕೊವಿಚ್‌ಗೆ 204. ಏಸ್ 25ಕ್ಕೆ 10. ವಿನ್ನರ್ 94ಕ್ಕೆ 54. ಸರ್ವ್ ಮುರಿದದ್ದು ಫೆಡರರ್ 7 ಸಲ, ಜೊಕೊವಿಚ್ ಬರೀ 3 ಸಲ. ಗೇಮ್ ಎಣಿಸಿದರೂ ಫೆಡರರ್ 36, ಜೊಕೊವಿಚ್ 32.

ಈಗ ಬಿಡಿಸೋಣ. ಕ್ರಿಕೆಟ್‌ನಲ್ಲಿ ಮೊದಲ ಓವರಿನ ರನ್ನೂ ಕೊನೆಯ ಓವರಿನ ರನ್ನೂ ಒಂದೇ ಮೊತ್ತಕ್ಕೆ ಸೇರುತ್ತವೆ. ಅಲ್ಲಿ ಹನಿಗೂಡಿದರೆ ಹಳ್ಳ. ಟೆನಿಸ್‌ನಲ್ಲಿ ಹಾಗಲ್ಲ. ಒಂದು ಗೇಮ್ ಮುಗಿದ ತಕ್ಷಣ ಅದರೊಳಗಿನ ಪಾಯಿಂಟ್‌ಗಳು ಅಳಿಸಿ ಹೋಗುತ್ತವೆ, ಸೆಟ್ ಮುಗಿದರೆ ಗೇಮ್‌ಗಳೂ ಅಳಿಸುತ್ತವೆ. 6-1ರಲ್ಲಿ ಗೆದ್ದರೂ 7-6ರಲ್ಲಿ ಗೆದ್ದರೂ ಸಿಗುವುದು ಒಂದೇ ಸೆಟ್, ಮಿಕ್ಕಿದ ಗಳಿಕೆ ಮುಂದಿನ ಸೆಟ್ಟಿಗೆ ಬರುವುದಿಲ್ಲ.

ಫೆಡರರ್ ಅವರ ಏಳು ಬ್ರೇಕ್‌ಗಳು ಎಲ್ಲಿ ಬಂದವು ನೋಡಿ. ಎರಡನೇ ಸೆಟ್‌ನಲ್ಲಿ ಮೂರು, ನಾಲ್ಕನೆಯದರಲ್ಲಿ ಎರಡು, ಐದನೆಯದರಲ್ಲಿ ಎರಡು. ಮೊದಲನೇ ಮತ್ತು ಮೂರನೇ ಸೆಟ್‌ನಲ್ಲಿ ಒಂದೂ ಇಲ್ಲ. ಆ ಎರಡು ಸೆಟ್‌ಗಳಲ್ಲಿ ಜೊಕೊವಿಚ್ ಕೂಡ ಒಂದು ಸಲವೂ ಸರ್ವ್ ಮುರಿಯಲಿಲ್ಲ, ಆದರೆ ಎರಡೂ ಸೆಟ್ ಅವರದ್ದೇ ಆದವು. ಹೇಗೆ? ಟೈಬ್ರೇಕ್‌ನಲ್ಲಿ, ಅಂದರೆ ಗೇಮ್‌ಗಳು ಸಮವಾದಾಗ ಸೆಟ್ ತೀರ್ಮಾನಿಸಲು ಆಡುವ, ಎರಡರ ಅಂತರದಲ್ಲಿ ಮೊದಲು 7 ಪಾಯಿಂಟ್ ತಲುಪಿದವರು ಗೆಲ್ಲುವ ವಿಶೇಷ ಗೇಮ್‌ನಲ್ಲಿ. ಐದನೇ ಸೆಟ್ ಕೂಡ ಹಾಗೇ. ವಿಂಬಲ್ಡನ್‌ನಲ್ಲಿ ಕೊನೆಯ ಸೆಟ್ 12-12 ಆದರೆ ಟೈಬ್ರೇಕ್ ಎನ್ನುವ ನಿಯಮ ಬಂದದ್ದೇ ಆ ವರ್ಷ. ಹಿಂದಿನ ವರ್ಷವಾಗಿದ್ದರೆ ಇಬ್ಬರೂ 13-13, 14-14 ಎಂದು ಆಡುತ್ತಲೇ ಹೋಗಬೇಕಿತ್ತು.

ಮೂರು ಟೈಬ್ರೇಕ್‌ಗಳ ಸ್ಕೋರು 7-5, 7-4, 7-3. ಕೂಡಿಸಿದರೆ ಜೊಕೊವಿಚ್ 21, ಫೆಡರರ್ 12, ಒಟ್ಟು 33 ಪಾಯಿಂಟ್. ಈ 33ನ್ನು 422ರಿಂದ ಕಳೆದರೆ ಉಳಿಯುವುದು 389. ಅದರಲ್ಲಿ ಫೆಡರರ್ 206, ಜೊಕೊವಿಚ್ 183. ಅಂದರೆ ಪಂದ್ಯದ ಬಹುಭಾಗದಲ್ಲಿ ಫೆಡರರ್ ಶೇ 53ರಷ್ಟು ಪಾಯಿಂಟ್ ಗೆದ್ದರು, ಮಿಕ್ಕ ಪುಟ್ಟ ತುಣುಕಿನಲ್ಲಿ ಜೊಕೊವಿಚ್ ಶೇ 64ರಷ್ಟು ಗೆದ್ದರು. ಆ ತುಣುಕು ಇಡೀ ಪಂದ್ಯದ ಶೇ 8 ಕೂಡ ಇಲ್ಲ, ಆದರೆ ಮೂರು ಸೆಟ್ ತೀರ್ಮಾನವಾದದ್ದು ಅಲ್ಲೇ.

ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಅದೃಷ್ಟದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಮಬಲರಾದ ಇಬ್ಬರು ಮೂರು ಟೈಬ್ರೇಕ್ ಆಡಿದರೆ ಮೂರನ್ನೂ ಒಬ್ಬ ನಿರ್ದಿಷ್ಟ ಆಟಗಾರನೇ ಗೆಲ್ಲುವ ಸಾಧ್ಯತೆ ಎಂಟರಲ್ಲಿ ಒಂದು. ನಾಣ್ಯ ಚಿಮ್ಮಿದರೂ ಆಗಾಗ ಹೀಗಾಗುತ್ತದೆ. ಹಾಗಾಗಿ ಬರೀ 21-12 ತೋರಿಸಿ "ಒತ್ತಡದಲ್ಲಿ ಜೊಕೊವಿಚ್ ಗಟ್ಟಿಗ" ಎಂದುಬಿಟ್ಟರೆ ನಾನು ಒಪ್ಪುವುದಿಲ್ಲ.

ನನ್ನ ಮನಸ್ಸು ಬದಲಾದದ್ದು ಇನ್ನೊಂದು ಅಂಕಿಯಿಂದ. ಅದು ಅನ್‌ಫೋರ್ಸ್ಡ್ ಎರರ್, ಅಂದರೆ ಎದುರಾಳಿಯ ಒತ್ತಡವಿಲ್ಲದೆ ತಾವಾಗಿಯೇ ಮಾಡುವ ತಪ್ಪು. ಇಡೀ ಪಂದ್ಯದಲ್ಲಿ ಜೊಕೊವಿಚ್ ಇಂಥ 52 ತಪ್ಪು ಮಾಡಿದರು, ಹೆಚ್ಚು ಕಡಿಮೆ ಎಂಟು ಪಾಯಿಂಟಿಗೊಂದು. ಅದೇ ಗತಿಯಲ್ಲಿ ಆಡಿದ್ದರೆ 33 ಟೈಬ್ರೇಕ್ ಪಾಯಿಂಟ್‌ಗಳಲ್ಲಿ ನಾಲ್ಕು ತಪ್ಪಾಗಬೇಕಿತ್ತು. ಆದದ್ದು ಸೊನ್ನೆ. ಫೆಡರರ್ ಒಟ್ಟು ತಪ್ಪುಗಳು 60ಕ್ಕೂ ಹೆಚ್ಚು, ಸುಮಾರು ಏಳು ಪಾಯಿಂಟಿಗೊಂದು. ಟೈಬ್ರೇಕ್‌ಗಳಲ್ಲಿ ಅವರಿಂದಲೂ ನಾಲ್ಕೈದು ತಪ್ಪು ನಿರೀಕ್ಷಿಸಬಹುದಿತ್ತು. ಆದದ್ದು 11, ಮೂರು ಪಾಯಿಂಟಿಗೊಂದು. ಒಬ್ಬರ ತಪ್ಪು ಪೂರ್ತಿ ನಿಂತುಹೋಯಿತು, ಇನ್ನೊಬ್ಬರದ್ದು ಎರಡು ಪಟ್ಟಿಗಿಂತ ಹೆಚ್ಚಾಯಿತು. ಎಂಟಕ್ಕೊಂದು ತಪ್ಪು ಮಾಡುವ ಆಟಗಾರ 33 ಪಾಯಿಂಟ್ ತಪ್ಪಿಲ್ಲದೆ ಆಡುವುದು ಆಕಸ್ಮಿಕವಾಗಿ ಆಗುವುದಾದರೆ ನೂರರಲ್ಲಿ ಒಂದೆರಡು ಸಲ ಆದೀತು. ನನ್ನ ನೋಟ್‌ಬುಕ್ಕಿನಲ್ಲಿ ಆ ಮೂರು ಪುಟಗಳ ಬಲಗಡೆಯ ಕಾಲಂ, ಜೊಕೊವಿಚ್ ತಪ್ಪುಗಳಿಗೆಂದು ಬಿಟ್ಟ ಜಾಗ, ಖಾಲಿ ಇದೆ. ಮೊದಲ ಟೈಬ್ರೇಕ್‌ನಲ್ಲಿ ಫೆಡರರ್ 5-3ರಿಂದ ಮುಂದಿದ್ದರು. ಅಲ್ಲಿಂದ ನಾಲ್ಕು ಪಾಯಿಂಟ್ ಸಾಲಾಗಿ ಹೋದವು. ಆ ಸಾಲನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ, ನಾನು ಫೆಡರರ್ ಅಭಿಮಾನಿ.

ಹಾಗಾದರೆ ಅದೃಷ್ಟದ ಪಾಲು ಏನೂ ಇಲ್ಲವೇ? ಇದೆ. ಅದು ಇರುವುದು ಐದನೇ ಸೆಟ್‌ನಲ್ಲಿ, ಫೆಡರರ್ 8-7ರಿಂದ ಮುಂದಿದ್ದು, ಅವರದೇ ಸರ್ವ್‌ನಲ್ಲಿ 40-15 ಆಗಿದ್ದಾಗ. ಎರಡು ಚಾಂಪಿಯನ್‌ಶಿಪ್ ಪಾಯಿಂಟ್, ಅಂದರೆ ಎರಡರಲ್ಲಿ ಒಂದು ಪಾಯಿಂಟ್ ಗೆದ್ದರೂ ಕಪ್ ಅವರದು. ಆ ದಿನ ಅವರು ತಮ್ಮ ಸರ್ವ್‌ನಲ್ಲಿ ಮೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಪಾಯಿಂಟ್ ಗೆಲ್ಲುತ್ತಿದ್ದರು. ಅದನ್ನೇ ಹಿಡಿದು ಲೆಕ್ಕ ಹಾಕಿದರೆ 40-15ರಿಂದ ಆ ಗೇಮ್ ಗೆಲ್ಲುವ ಸಾಧ್ಯತೆ ಶೇ 98ರ ಹತ್ತಿರ ಬರುತ್ತದೆ. ಗೇಮ್ ಹೋದರೂ ಪಂದ್ಯ 8-8ರಲ್ಲಿ ಸಮವಾಗಿರುತ್ತದೆ, ಹಾಗಾಗಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ 99.

ಮೊದಲ ಪಾಯಿಂಟ್‌ನಲ್ಲಿ ಫೋರ್‌ಹ್ಯಾಂಡ್ ಗೆರೆಯಾಚೆ ಹೋಯಿತು. ಎರಡನೆಯದರಲ್ಲಿ ಫೆಡರರ್ ಜೊಕೊವಿಚ್ ಅವರ ಫೋರ್‌ಹ್ಯಾಂಡ್ ಕಡೆ ಹೊಡೆದು ನೆಟ್‌ಗೆ ಬಂದರು, ಜೊಕೊವಿಚ್ ಹೊಡೆದ ಚೆಂಡು ಕ್ರಾಸ್‌ಕೋರ್ಟ್‌ಗೆ (ಅಂಗಳಕ್ಕೆ ಓರೆಯಾಗಿ), ಫೆಡರರ್ ಕೈಗೆ ಸಿಗದ ಹಾಗೆ ಹಾದುಹೋಯಿತು. "ಯಾಕೆ ನೆಟ್‌ಗೆ ಬರಬೇಕಿತ್ತು" ಎಂದು ಇವತ್ತಿಗೂ ಬೈಯುವವರಿದ್ದಾರೆ. ಅವರಿಗೆ ನಾನು ಒಂದೇ ಅಂಕಿ ತೋರಿಸುತ್ತೇನೆ: ಆ ದಿನ ಫೆಡರರ್ ನೆಟ್‌ಗೆ ಬಂದ 65 ಪಾಯಿಂಟ್‌ಗಳಲ್ಲಿ 51 ಗೆದ್ದಿದ್ದರು. ನಿರ್ಧಾರ ಸರಿಯಾಗಿತ್ತು, ಹೊಡೆತ ಇನ್ನಷ್ಟು ಮೂಲೆಗೆ ಹೋಗಬೇಕಿತ್ತು, ಎದುರಿನ ಹೊಡೆತ ಅದ್ಭುತವಾಗಿತ್ತು. ಎದುರಾಳಿಯ ಚಾಂಪಿಯನ್‌ಶಿಪ್ ಪಾಯಿಂಟ್‌ನಿಂದ ಪಾರಾಗಿ ವಿಂಬಲ್ಡನ್ ಪುರುಷರ ಫೈನಲ್ ಗೆದ್ದವರು ಅದಕ್ಕೆ ಮೊದಲು ಸಿಗುವುದು 1948ರಲ್ಲಿ, ಬಾಬ್ ಫಾಲ್ಕೆನ್‌ಬರ್ಗ್.

ಇಂಥ ಪಂದ್ಯಗಳು ಅಪರೂಪ, ಆದರೆ ವಿಚಿತ್ರವೇನಲ್ಲ. 2010ರ ವಿಂಬಲ್ಡನ್‌ನ ಐಸ್ನರ್-ಮಾಹು ಪಂದ್ಯ ನೆನಪಿರಬಹುದು, ಕೊನೆಯ ಸೆಟ್ 70-68 ಆದದ್ದು. ಅಲ್ಲಿ ಸೋತ ಮಾಹು 502 ಪಾಯಿಂಟ್ ಗೆದ್ದಿದ್ದರು, ಗೆದ್ದ ಐಸ್ನರ್ 478. 1990ರಿಂದ 2011ರವರೆಗಿನ ಸುಮಾರು 61,000 ಪಂದ್ಯಗಳನ್ನು ಜಾಲಾಡಿದ ಒಂದು ಅಧ್ಯಯನ ಇದೆ. ಅದರ ಪ್ರಕಾರ ಕಡಿಮೆ ಪಾಯಿಂಟ್ ಗೆದ್ದವರು ಪಂದ್ಯ ಗೆಲ್ಲುವುದು ನೂರಕ್ಕೆ ನಾಲ್ಕೈದು ಸಲ. ನನ್ನನ್ನು ಕಾಡುವುದು ಅದರ ಇನ್ನೊಂದು ಫಲಿತಾಂಶ: ಇಂಥ ಪಂದ್ಯಗಳಲ್ಲಿ ಫೆಡರರ್ ಗೆದ್ದದ್ದು 4, ಸೋತದ್ದು 24. 2019ಕ್ಕೂ ಎಷ್ಟೋ ಮೊದಲಿನ ಲೆಕ್ಕ ಇದು.

ಇದನ್ನು ಫೆಡರರ್ ಅವರ ದೌರ್ಬಲ್ಯ ಎಂದು ಓದುವವರಿದ್ದಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಅವರು ಸೋಲುತ್ತಿದ್ದದ್ದೇ ಕಡಿಮೆ, ಸೋತಾಗ ಕೂದಲೆಳೆಯ ಅಂತರದಲ್ಲಿ ಸೋಲುತ್ತಿದ್ದರು. ಗೆಲ್ಲುವಾಗ ಸಲೀಸಾಗಿ ಗೆಲ್ಲುತ್ತಿದ್ದರು. ಅಂಥವರ ಖಾತೆಯಲ್ಲಿ ಇಂಥ ಸೋಲುಗಳು ಹೆಚ್ಚು ಇರುವುದು ಸಹಜ. 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಅವರೇ ಹೇಳಿದ್ದಾರೆ, 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚು ಕಡಿಮೆ ಶೇ 80 ಗೆದ್ದಿದ್ದರೂ ಪಾಯಿಂಟ್ ಗೆದ್ದದ್ದು ಶೇ 54 ಮಾತ್ರ ಎಂದು. ಈ ಫೈನಲ್‌ನಲ್ಲಿ ಅವರ ಪಾಲು ಶೇ 51.7.

ಪಂದ್ಯ ಮತ್ತೆ ನೋಡುವ ಮನಸ್ಸಿದ್ದರೆ ಮೂರು ಟೈಬ್ರೇಕ್‌ಗಳನ್ನು ಮಾತ್ರ ಒಟ್ಟಿಗೆ ನೋಡಿ. ಜೊಕೊವಿಚ್ ಅಲ್ಲಿ ಸಾಹಸ ಮಾಡಲು ಹೋಗುವುದಿಲ್ಲ, ಚೆಂಡನ್ನು ಮತ್ತೆ ಮತ್ತೆ ಅಂಗಳದೊಳಗೆ ಇಡುತ್ತಾರೆ, ಇನ್ನೊಂದು ಹೊಡೆತ ಆಡುವ ಹೊಣೆ ಪ್ರತಿ ಸಲವೂ ಫೆಡರರ್ ಮೇಲೆ ಬೀಳುತ್ತದೆ. 422ನೇ ಪಾಯಿಂಟ್ ಕೂಡ ಹಾಗೇ ಮುಗಿಯಿತು: ಫೆಡರರ್ ಫೋರ್‌ಹ್ಯಾಂಡ್ ಬೀಸಿದರು, ಚೆಂಡು ರಾಕೆಟ್ಟಿನ ಅಂಚಿಗೆ ತಗುಲಿ ಹೊರಗೆ ಹಾರಿತು.