ಪುಟ್ಟಿಗಿಂತ ಮೊದಲು ಗೀಸರ್

ಪ್ರಶ್ನೆ: ಬಚ್ಚಲಿಗೆ ಅಂಟಿದ ಕೋಣೆಯಲ್ಲಿ, ಬೀರು ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ಪೇಂಟರ್ ಮತ್ತೆ ಪುಟ್ಟಿ ಹಾಕೋಣ ಅಂತಾರೆ. ಬಚ್ಚಲೊಳಗೇ ಗ್ಯಾಸ್ ಗೀಸರ್ ಇದೆ. ಏನು ಮಾಡಲಿ ಸರ್?
– ಗೃಹಿಣಿ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಪುಟ್ಟಿ ಸದ್ಯಕ್ಕೆ ಬೇಡಮ್ಮ, ಸುಮ್ನೆ ದುಡ್ಡು ದಂಡ. ಅಡುಗೆಮನೆ ಫಾಯಿಲ್ ತುಂಡನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಗೋಡೆ ಕಡೆಯ ಮೈ ಒದ್ದೆಯಾದರೆ ತೇವ ಒಳಗಿಂದ ಬರುತ್ತಿದೆ. ಪ್ಲಂಬರ್‌ಗೆ ಪೈಪು, ಟೈಲ್ಸ್ ಸಂದು ತೋರಿಸಿ. ಕೋಣೆ ಕಡೆ ಬೆವೆತರೆ ಅದು ಗಾಳಿಯ ತೇವ. ಬೀರು ಗೇಣುದ್ದ ಮುಂದಕ್ಕೆಳೆಯಿರಿ.

ನನಗೆ ಜಾಸ್ತಿ ಭಯ ಆ ಗೀಸರ್‌ದು. ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ. ಚಳಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡ್ತೀರಿ ಅಲ್ವಾ? ಗೀಸರನ್ನು ಮೊದಲು ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಎಕ್ಸಾಸ್ಟ್ ಫ್ಯಾನ್ ಆಮೇಲೆ. ಅಲ್ಲಿಯವರೆಗೆ ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿಯೇ ಸ್ನಾನಕ್ಕಿಳಿಯಿರಿ.