ಹಳೆಯ ಗೋಡೆ, ಹೊಸ ಗಿಲಾವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಹಳ್ಳಿಯ ಚರ್ಚೊಂದನ್ನು ನೋಡಿದೆ. ಹೊರಗಿನ ಫಲಕದಲ್ಲಿ ‘12ನೇ ಶತಮಾನ’ ಎಂದಿತ್ತು. ಒಳಗೆ ಹೋದರೆ ಬೆಂಚು, ನೆಲಹಾಸು, ಕಿಟಕಿ ಎಲ್ಲ 1860ರ ದಶಕದವು ಎಂದರು. ಹಾಗಾದರೆ ಹಳೆಯದು ಅಂತ ಉಳಿದದ್ದೇನು?
— ಓದುಗರು, ಶಿರಸಿ

ಉತ್ತರ: ಮೊದಲು ಗಂಟೆಯ ಗೋಪುರ ನೋಡಬೇಕು. ಅದನ್ನು ಕೆಡವಿ ಕಟ್ಟುವುದು ಬಹಳ ಖರ್ಚಿನ ಬಾಬ್ತು. ಹಾಗಾಗಿ ಜನ ಕೂರುವ ಸಭಾಂಗಣವನ್ನು ಹೊಸದಾಗಿ ಕಟ್ಟಿದರೂ ಗೋಪುರವನ್ನು ಹಾಗೇ ಬಿಟ್ಟ ಊರುಗಳು ಬಹಳ. ಸಭಾಂಗಣದ ಕಡೆಗಿರುವ ಗೋಪುರದ ಮೈಮೇಲೆ ತಲೆಕೆಳಗಾದ ‘V’ ಆಕಾರದ ಗೆರೆ ಕಂಡರೆ ಅದು ಹಿಂದಿನ ಮಾಡಿನ ಗುರುತು. ಈಗಿನ ಮಾಡಿಗಿಂತ ಅದು ಮೇಲಿದೆಯೋ ಕೆಳಗಿದೆಯೋ ಎನ್ನುವುದರಿಂದಲೇ ಹಳೆಯ ಕಟ್ಟಡ ಎಷ್ಟು ಎತ್ತರವಿತ್ತೆಂದು ಹೇಳಬಹುದು.

ಎರಡನೆಯದು, ಪೂಜಾವೇದಿ ಇರುವ ಪೂರ್ವದ ಭಾಗ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಅದರ ದುರಸ್ತಿ ಊರಿನ ಪಾದ್ರಿಯ ಹೊಣೆ, ಸಭಾಂಗಣದ್ದು ಊರವರ ಹೊಣೆ. ನಮ್ಮಲ್ಲಿ ಗರ್ಭಗುಡಿಯ ಖರ್ಚು ಒಬ್ಬರದು, ಚಂದ್ರಶಾಲೆಯದು ಇನ್ನೊಬ್ಬರದು ಎನ್ನುವ ಹಾಗೆ. ಎರಡು ಕಿಸೆ ಅಂದಮೇಲೆ ಎರಡು ಕಾಲ. ಹೀಗಾಗಿ ಒಂದೇ ಸೂರಿನಡಿ 200 ವರ್ಷಗಳ ಅಂತರ ಸಿಗುವುದುಂಟು.

ಅರ್ಧವೃತ್ತದ ಕಮಾನು ಕಂಡ ಕೂಡಲೇ 12ನೇ ಶತಮಾನ ಎನ್ನಬೇಡಿ. 19ನೇ ಶತಮಾನದವರು ಅದನ್ನೂ ಹೊಸದಾಗಿ ಕೆತ್ತಿ ಕೂರಿಸಿದ್ದಾರೆ. ಕಲ್ಲಿನ ಮೈಮೇಲೆ ಓರೆಯಾಗಿ, ಒಂದರಂತೆ ಒಂದಿಲ್ಲದ ಕೊಡಲಿ ಏಟುಗಳಿದ್ದರೆ ಹಳೆಯದಾಗಿರಬಹುದು. ಅಂಚು ಚೂಪಾಗಿದ್ದು ಗೆರೆಗಳೆಲ್ಲ ಸಮವಾಗಿದ್ದರೆ ಅನುಮಾನಪಡಿ.

ಇದಕ್ಕೆಲ್ಲ ಎಸೆಕ್ಸ್ ಪ್ರಾಂತದ ರಿವನ್‌ಹಾಲ್ ಚರ್ಚು ಒಳ್ಳೆಯ ಪಾಠ. 1838–39ರಲ್ಲಿ ಅದಕ್ಕೆ ಸಿಮೆಂಟಿನ ಹೊದಿಕೆ ಹಾಕಿ ರೂಪ ಬದಲಿಸಿದ್ದರು. ನೋಡಿದವರೆಲ್ಲ 19ನೇ ಶತಮಾನದ ಕಟ್ಟಡವೆಂದೇ ನಂಬಿದ್ದರು. 1970ರ ದಶಕದ ಆರಂಭದಲ್ಲಿ ಪುರಾತತ್ವಜ್ಞರಾದ ವಾರ್ವಿಕ್ ಮತ್ತು ಕರ್ಸ್ಟಿ ರಾಡ್ವೆಲ್ ಅಲ್ಲಿ ಉತ್ಖನನ ಮಾಡಿ ಗೋಡೆಗಳನ್ನೂ ಪರೀಕ್ಷಿಸಿದಾಗ, ಹೊದಿಕೆಯ ಹಿಂದೆ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗಿಂತ ಮುಂಚಿನ ಗೋಡೆಯೇ ನಿಂತಿತ್ತು. ತಮಾಷೆಯೆಂದರೆ, ಆ ಚರ್ಚಿನಲ್ಲಿ ಕಣ್ಣಿಗೆ ಹಳೆಯದಾಗಿ ಕಾಣುವ 12ನೇ ಶತಮಾನದ ಬಣ್ಣದ ಗಾಜು ಆ ಊರಿನದೇ ಅಲ್ಲ. ಫ್ರಾನ್ಸಿನ ಶೆನು ಎಂಬ ಹಳ್ಳಿಯದು; 1840ರ ಸುಮಾರಿಗೆ ತಂದು ಕೂರಿಸಿದ್ದು. ಹೊಸದಾಗಿ ಕಂಡ ಗೋಡೆ ಹಳೆಯದು, ಹಳೆಯ ಗಾಜು ಆಮೇಲೆ ಬಂದದ್ದು.

ಪ್ರಶ್ನೆ: ನಮ್ಮ ದೇವಸ್ಥಾನದ ಅಂಗಳದಲ್ಲಿ ಒಂದು ಶಾಸನದ ಕಲ್ಲಿದೆ. ಅದರ ಇಸವಿಯನ್ನೇ ಸ್ವಾಗತ ಕಮಾನಿನ ಮೇಲೆ ಬರೆಸಬಹುದೇ?
— ಓದುಗರು, ಕುಮಟಾ

ಉತ್ತರ: ಬೇಡ. ಬನವಾಸಿಗೆ ಹೋಗಿ ನೋಡಿ. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಮೇಲೆ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಅದು ಕದಂಬರಿಗಿಂತ ಮುಂಚೆ ಇಲ್ಲಿ ಆಳಿದ ಚುಟು ಶಾತಕರ್ಣಿಗಳ ಕಾಲದ್ದು. ಅದರಲ್ಲಿ ಹೇಳಿರುವುದು ನಾಗ, ಕೆರೆ ಮತ್ತು ವಿಹಾರದ ದಾನ. ಈಗಿನ ದೇವಾಲಯದ ಮಾತೇ ಇಲ್ಲ. ಕಟ್ಟಡ ಎಷ್ಟೋ ಶತಮಾನ ಈಚಿನದು, ಅದಕ್ಕೆ ಸೋಂದೆ ಅರಸರ ಕಾಲದವರೆಗೂ ಸೇರ್ಪಡೆಗಳಾಗಿವೆ. ನಿಮ್ಮ ಕಲ್ಲು ಏನನ್ನು ದಾನ ಕೊಟ್ಟಿತೆಂದು ಮೊದಲು ಓದಿಸಿ. ಓದಿಸುವ ಮುಂಚೆ ಎಣ್ಣೆ ಹಚ್ಚುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಅಕ್ಷರಕ್ಕೆ ಪೇಂಟು ತುಂಬುವುದು ಮೂರೂ ಕೂಡದು. ಕತ್ತಲಾದಮೇಲೆ ಬದಿಯಿಂದ ಟಾರ್ಚು ಹಿಡಿದು ಫೋಟೋ ತೆಗೆದರೆ ಸವೆದ ಅಕ್ಷರವೂ ಏಳುತ್ತದೆ.

ಪ್ರಶ್ನೆ: ದೀಪಾವಳಿ ಕಳೆದಮೇಲೆ ನಮ್ಮೂರ ಚಿರೆಕಲ್ಲಿನ ಗುಡಿಯ ಜೀರ್ಣೋದ್ಧಾರ. ಬಿಚ್ಚುವ ಮೊದಲು ಏನೇನು ದಾಖಲಿಸಬೇಕು?
— ಓದುಗರು, ಕಾರವಾರ

ಉತ್ತರ: ಬಿಚ್ಚುವ ಮೊದಲು ಕೇಳಿದ್ದೇ ದೊಡ್ಡದು. ನಕ್ಷೆಗೆ ಟೇಪು ಹಿಡಿದಾಗ ನಾಲ್ಕು ಬದಿಗಳ ಜೊತೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಬದಿ ಮಾತ್ರ ಅಳೆದು ಮೂಲೆಗಳೆಲ್ಲ ಮಟ್ಟಸವೆಂದುಕೊಂಡರೆ ಗೋಡೆಯ ಓರೆ ಕಾಗದದಲ್ಲಿ ಮಾಯವಾಗುತ್ತದೆ. ಎಷ್ಟೋ ಸಲ ಆ ಓರೆಯೇ ಆಮೇಲೆ ಸೇರಿಸಿದ ಕೋಣೆಯ ಗುರುತು. ಪ್ರತಿ ಗೋಡೆಗೂ ಎದುರು ನಿಂತು ಫೋಟೋ ತೆಗೆಯಿರಿ. ಚಿತ್ರದಲ್ಲಿ 1 ಮೀಟರಿನ ಪಟ್ಟಿ, ದಿಕ್ಕು, ತಾರೀಕು ಇರಲಿ.

ಗಿಲಾವನ್ನು ಪೂರ್ತಿ ಕೀಳಬೇಡಿ. ಎರಡು ಗೋಡೆ ಕೂಡುವಲ್ಲಿ 30 ಸೆಂ.ಮೀ. ಚೌಕ ಮಾತ್ರ ಬಿಡಿಸಿ ನೋಡಿ. ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಎರಡೂ ಒಂದೇ ಸಲ ಕಟ್ಟಿದವು. ಮೇಲಿಂದ ಕೆಳಗೆ ನೇರ ಸಂದಿದ್ದರೆ ಒಂದು ಇನ್ನೊಂದಕ್ಕೆ ಆನಿಸಿದ್ದು. ಆ ಸಂದಿನೊಳಕ್ಕೆ ಹಳೆಯ ಗಿಲಾವು ಮುಂದುವರಿದಿದ್ದರೆ ಲೆಕ್ಕ ಮುಗಿಯಿತು: ಗಿಲಾವು ಇರುವ ಗೋಡೆ ಮೊದಲು ಬಯಲಿಗೆ ಮುಖ ಮಾಡಿತ್ತು. ಈ ಸಾಕ್ಷಿ ಜೆಸಿಬಿ ಬಂದ ದಿನ ಹತ್ತು ನಿಮಿಷದಲ್ಲಿ ಹೋಗುತ್ತದೆ. ಗಾರೆಯ ಒಂದೊಂದು ಮುಷ್ಟಿಯನ್ನು ಎಲ್ಲಿಂದ ತೆಗೆದದ್ದೆಂದು ಬರೆದು ಚೀಲದಲ್ಲಿಡಿ.

ಕಲ್ಲಿಗೆ ಸಂಖ್ಯೆ ಹಾಕುವಾಗ ಮೇಸ್ತ್ರಿಗಳು ಹೊರಮೈಗೇ ಪೇಂಟು ಬಳಿಯುತ್ತಾರೆ. ಚಿರೆಕಲ್ಲಿನ ತೂತುಗಳಿಗಿಳಿದ ಪೇಂಟು ಹೋಗುವುದಿಲ್ಲ. ಮೇಲಿನ ಸಾಲು ತೆಗೆದಾಗ ಕಾಣುವ ಮೇಲ್ಮೈ ಮೇಲೆ ಬರೆಸಿ: ದಿಕ್ಕು, ಸಾಲು, ಕಲ್ಲು (ಪೂ 3/7 ಎನ್ನುವ ಹಾಗೆ).

ಕಟ್ಟುವಾಗ ಸಿಮೆಂಟ್ ಗಿಲಾವು ಬೇಡ. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿದದ್ದನ್ನು ಸಿಮೆಂಟು ಹೊರಗೆ ಬಿಡುವುದಿಲ್ಲ. ಉಪ್ಪು ಅದರ ಹಿಂದೆಯೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ, ಗಿಲಾವು ಉಬ್ಬಿ ಕಲ್ಲಿನ ಸಮೇತ ಬೀಳುತ್ತದೆ. ಚೆನ್ನಾಗಿ ನೀರಲ್ಲಿ ಕೊಳೆಸಿದ ಸುಣ್ಣ 1, ಹೊಳೆಯ ಮರಳು 3. ಕಡಲ ಮರಳು ಬೇಡ, ಉಪ್ಪನ್ನು ನೀವೇ ತಂದು ಹಾಕಿದಂತಾಗುತ್ತದೆ. ಕಲ್ಲನ್ನು ನೆನೆಸಿಯೇ ಗಾರೆ ಹಾಕಬೇಕು, ಆಮೇಲೆ ಒಂದು ವಾರವಾದರೂ ಒದ್ದೆ ಗೋಣಿ ಮುಚ್ಚಬೇಕು. ಸುಣ್ಣ ಗಾಳಿ ಹೀರಿ ನಿಧಾನಕ್ಕೆ ಗಟ್ಟಿಯಾಗುವ ವಸ್ತು. ಹೊರಗಿನ ಕೆಲಸ ಮಾರ್ಚಿನೊಳಗೆ ಮುಗಿದರೆ ಮಳೆಗೆ ಮುಂಚೆ ಸಮಯ ಸಿಗುತ್ತದೆ.

ಅಡಿಪಾಯ ತೋಡುವಾಗ ನಾಣ್ಯ, ವಿಗ್ರಹ ಸಿಕ್ಕರೆ ಕೆಲಸ ನಿಲ್ಲಿಸಿ. ನಿಧಿ ಕಾಯ್ದೆಯ ಪ್ರಕಾರ ಸಿಕ್ಕದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹತ್ತಿರದಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಿದ್ದರೆ ಮೊದಲ 100 ಮೀಟರಿನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು.

ಪ್ರಶ್ನೆ: ಇಂಗ್ಲೆಂಡಿನ ಚರ್ಚ್ ದಾಖಲೆಯಲ್ಲಿ ‘ಫೆಬ್ರವರಿ 1637/8’ ಎಂದಿದೆ. ಯಾವ ವರ್ಷ?
— ಓದುಗರು, ಭಟ್ಕಳ

ಉತ್ತರ: ನಮ್ಮ ಲೆಕ್ಕಕ್ಕೆ 1638. 1751ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ ಆ ಫೆಬ್ರವರಿ ಅವರಿಗೆ ಇನ್ನೂ 1637, ನಮಗೆ 1638. ಜೊತೆಗೆ ಆ ಶತಮಾನದಲ್ಲಿ ಅವರ ತಾರೀಕು 10 ದಿನ ಹಿಂದೆ. ಪೋರ್ಚುಗಲ್ 1582ರಲ್ಲೇ ನಾವೀಗ ಬಳಸುವ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬದಲಾಗಿತ್ತು. ಇಂಗ್ಲಿಷರ ಕಾಗದವನ್ನೂ ಗೋವೆಯ ಕಾಗದವನ್ನೂ ಜೊತೆಗಿಟ್ಟು ಓದುವಾಗ ಇಂಗ್ಲಿಷರ ತಾರೀಕಿಗೆ ಈ 10 ದಿನ ಕೂಡಿಸಿಕೊಳ್ಳಿ.