ಒಂದು ತಿಂಗಳ ಸೇವೆಗೆಂದು ಅನಾಥಾಲಯಕ್ಕೆ ಹೋಗಬೇಡಿ

ನೀವು ಕೇಳಿದ್ದು ಇಷ್ಟು: ಊರು ಹುಮನಾಬಾದ್ ಹತ್ತಿರ, ವಯಸ್ಸು 22, ಬಿ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಪದವಿ) ಮುಗಿದಿದೆ, ಮಕ್ಕಳೆಂದರೆ ಜೀವ. ಕಠ್ಮಂಡುವಿನ ಒಂದು ಅನಾಥಾಲಯದಲ್ಲಿ ನಾಲ್ಕು ವಾರ ಸೇವೆ ಮಾಡಲು ಏಜೆನ್ಸಿಯವರು 60,000 ರೂಪಾಯಿ ಕೇಳುತ್ತಿದ್ದಾರೆ. ಸಾಲ ಮಾಡಿಯಾದರೂ ಕೊಡುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಹೋಗಲೋ ಬೇಡವೋ?

ಬೇಡ ತಂಗಿ. ವಿದೇಶಕ್ಕೆ ಹೋಗುವುದೇ ಬೇಡ ಅನ್ನುತ್ತಿಲ್ಲ, ಈ ನಾಲ್ಕು ವಾರದ ಕೆಲಸಕ್ಕೆ ಹೋಗಬೇಡಿ. ಯಾಕೆ ಇಷ್ಟು ಖಡಾಖಂಡಿತ ಹೇಳುತ್ತಿದ್ದೇನೆ ಅಂದರೆ ನಾನೇ ಹೋಗಿ ಬಂದವಳು. ಕಲಬುರಗಿಯಲ್ಲಿ ಎಂ.ಎಸ್.ಡಬ್ಲ್ಯೂ ಮುಗಿಸಿದ ವರ್ಷ ಇಂಥದ್ದೇ ಒಂದು ಜಾಹೀರಾತು ನೋಡಿ ಆರು ವಾರಕ್ಕೆ ಹಣ ಕಟ್ಟಿದೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗೋರಖ್‌ಪುರದವರೆಗೆ ರೈಲು, ಸೋನೌಲಿ ಗಡಿ ದಾಟಿ ರಾತ್ರಿಯಿಡೀ ಬಸ್ಸು.

ಗೇಟು ತೆಗೆದ ಕೂಡಲೇ ಇಪ್ಪತ್ತು ಮಕ್ಕಳು ಓಡಿಬಂದು ತಬ್ಬಿಕೊಂಡವು. ಆರೇಳು ವರ್ಷದ ಒಂದು ಹುಡುಗಿ ಐದೇ ನಿಮಿಷದಲ್ಲಿ ನನ್ನ ಸೊಂಟ ಏರಿ ಕೂತಳು. ಎಷ್ಟು ಹಚ್ಚಿಕೊಂಡವು ಅಂತ ಅವತ್ತು ಕಣ್ಣು ತುಂಬಿ ಬಂದಿತ್ತು. ಆ ಹುಡುಗಿ ನನ್ನ ಹೆಸರು ಕೇಳಲಿಲ್ಲ. ಮೊದಲು ಕೇಳಿದ್ದು, "ದಿದಿ, ಎಷ್ಟು ದಿನ ಇರ್ತೀಯ?" ಆರು ವಾರ ಅಂದೆ. ಬೆರಳು ಮಡಚಿ ಎಣಿಸಿದಳು. ಹಿಂದಿನ ದಿದಿ ಎರಡೇ ವಾರ ಇದ್ದಳಂತೆ.

ಯಾರನ್ನು ಕಂಡರೂ ಓಡಿಬಂದು ತಬ್ಬಿಕೊಳ್ಳುವ ಮಗು ಸುಖವಾಗಿದೆ ಅಂತಲ್ಲ. ನಮ್ಮ ಮನೆಯ ಮಕ್ಕಳನ್ನೇ ನೋಡಿ, ಹೊಸಬರು ಬಂದರೆ ಅವ್ವನ ಸೆರಗಿನ ಹಿಂದೆ ಅಡಗುತ್ತವೆ. ಅದು ಆರೋಗ್ಯವಂತ ಮಗುವಿನ ಲಕ್ಷಣ. ಅಡಗಲು ಸೆರಗೇ ಇಲ್ಲದ ಮಗು ಬಂದವರನ್ನೆಲ್ಲ ಹಿಡಿದುಕೊಳ್ಳುತ್ತದೆ. ಪಾಠದಲ್ಲಿ ಓದಿದ್ದೆ, ಆದರೂ ಎದುರಿಗೆ ಬಂದಾಗ ಗುರುತು ಹತ್ತಲಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಎಳೆಯ ಮಕ್ಕಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನವೊಂದಿದೆ. ಅನಾಥಾಲಯದಲ್ಲಿದ್ದ ಆ ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಮನೆ ಸಿಕ್ಕ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಸಿಕ್ಕವರು, ಚೇತರಿಸಿಕೊಂಡರು. ಮಗುವಿಗೆ ಬೇಕಾದದ್ದು ದಿನಾ ಅದೇ ಮುಖ. ನಾವು ನಾಲ್ಕು ವಾರಕ್ಕೊಂದು ಹೊಸ ಮುಖ ಕೊಟ್ಟು, ಮತ್ತೆ ಕಸಿದುಕೊಂಡು ಬರುತ್ತೇವೆ.

ನಾಲ್ಕನೇ ವಾರ ಗೇಟಿನ ಹೊರಗೆ ಒಬ್ಬ ಹೆಂಗಸು ಬೆಳಿಗ್ಗೆಯಿಂದ ಕೂತಿದ್ದಳು. ಒಳಗೆ ದಾನಿಗಳು ಬಂದಿದ್ದರು, ಅವರು ಹೋಗುವವರೆಗೂ ಅವಳನ್ನು ಬಿಡಲಿಲ್ಲ. ನಾನು ನೀರು ಕೊಡಲು ಹೋದೆ. ನನ್ನ ಹಿಂದಿ ಅವಳಿಗೆ ಅರ್ಧ, ಅವಳ ನೇಪಾಳಿ ನನಗೆ ಅರ್ಧ. ನೇಪಾಳದ ದೂರದ ಗುಡ್ಡಗಾಡು ಹುಮ್ಲಾ ಜಿಲ್ಲೆಯವಳು. ದಿನಗಟ್ಟಲೆ ನಡೆದು, ಆಮೇಲೆ ಬಸ್ಸು ಹಿಡಿದು ಬಂದಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಗಂಟು, ಅದರಲ್ಲಿ ಒಣಗಿಸಿದ ಸೇಬಿನ ಹೋಳು. ಮಗಳಿಗೆ ಅಂತ ತಂದದ್ದು. ಮಗಳು ಯಾರು ಗೊತ್ತೇನ್ರಿ? ನನ್ನ ಸೊಂಟದ ಮೇಲೆ ಕೂತಿದ್ದ ಹುಡುಗಿಯೇ. ಅವಳಿಗೆ ಯಾರೂ ಇಲ್ಲ ಅಂತ ನನಗೆ ಹೇಳಿದ್ದರು. "ಕಠ್ಮಂಡುದಾಗ ಓದಿಸ್ತೀವಿ" ಅಂತ ದಲ್ಲಾಳಿ ನಂಬಿಸಿ, ತಾಯಿಯಿಂದಲೇ ದುಡ್ಡು ಪಡೆದು ಮಗುವನ್ನು ಕರೆತಂದಿದ್ದ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು, ಓದ್ತಿದ್ದಾಳಾ?

ಆ ಮಾತು ನನಗೆ ಹೊಸದಲ್ಲ. ನಮ್ಮ ಚಿಂಚೋಳಿ, ಯಾದಗಿರಿ ಕಡೆಯ ತಾಂಡಾಗಳಿಂದ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ತಾಯಂದಿರು ಮಕ್ಕಳನ್ನು ಅಜ್ಜಿಯ ಹತ್ತಿರವೋ ಹಾಸ್ಟೆಲ್ಲಿನಲ್ಲೋ ಬಿಟ್ಟು ಹೇಳುವುದೂ ಅದೇ: "ನಾಕ ಅಕ್ಷರ ಕಲೀಲಿ ಅಂತ ಬಿಟ್ಟೀನ್ರಿ ಬಾಯಿ." ನಾಳೆ ಯಾರೋ ಆ ಮಕ್ಕಳನ್ನು ದೂರದೂರಿಗೆ ಒಯ್ದು, ಅನಾಥರು ಅಂತ ಬೋರ್ಡು ಹಾಕಿ, ಅವರನ್ನು ಮುದ್ದಿಸಲು ಪರದೇಶದವರಿಂದ ದುಡ್ಡು ತೆಗೆದುಕೊಂಡರೆ ನಮಗೆ ಹೇಗಾಗುತ್ತದೆ ಯೋಚಿಸಿ.

ನಾನು ನೋಡಿದ್ದು ಒಂದೇ ಕಡೆಯ ಕತೆಯೂ ಅಲ್ಲ. 1996ರಿಂದ 2006ರವರೆಗೆ ನೇಪಾಳದಲ್ಲಿ ಅಂತರ್ಯುದ್ಧ ನಡೆದಾಗ ಹುಮ್ಲಾದಂಥ ಗುಡ್ಡಗಾಡಿನ ತಂದೆತಾಯಿಗಳು ಮಕ್ಕಳ ಜೀವ ಉಳಿಯಲಿ, ಓದಲಿ ಅಂತ ದಲ್ಲಾಳಿಗಳ ಕೈಗೆ ಒಪ್ಪಿಸಿದರು. ದಂಧೆ ಬೇರೂರಿದ್ದು ಹಾಗೆ. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಅನಾಥಾಲಯಗಳ ಸಂಖ್ಯೆ 75% ಏರಿತು, ಅಲ್ಲಿನ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು. ಜಗತ್ತಿನಾದ್ಯಂತ ಇಂಥ ಸಂಸ್ಥೆಗಳಲ್ಲಿರುವ ಐದರಲ್ಲಿ ನಾಲ್ಕು ಮಕ್ಕಳಿಗೆ ಕನಿಷ್ಠ ಒಬ್ಬ ಪೋಷಕರು ಬದುಕಿದ್ದಾರೆ ಅಂತ ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಹೇಳಿದೆ. ಸೇವೆಗೆ ಬರುವವರು ಹೆಚ್ಚಾದಷ್ಟೂ ಅನಾಥರು ಬೇಕಾಗುತ್ತಾರೆ, ಇಲ್ಲದಿದ್ದರೆ ಹುಟ್ಟಿಸುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ನನ್ನ ಹಿನ್ನೆಲೆ ಏನು, ಪೊಲೀಸ್ ಕೇಸು ಇದೆಯಾ ಅಂತ ಅಲ್ಲಿ ಯಾರೂ ವಿಚಾರಿಸಲಿಲ್ಲ. ವೋಟರ್ ಐಡಿ ಪ್ರತಿ ಕೊಟ್ಟೆ, ಹಣ ಕಟ್ಟಿದೆ. ಮೊದಲ ರಾತ್ರಿಯೇ ಮಕ್ಕಳು ಮಲಗುವ ಕೋಣೆಯ ಕೀಲಿ ನನ್ನ ಕೈಗೆ ಬಂತು. ನನ್ನ ಬದಲು ಬೇರೆ ಯಾರಾದರೂ ಬಂದಿದ್ದರೆ?

ಹಾಗಾದರೆ ಹೊರಗೆ ಹೋಗುವ ಸರಿಯಾದ ದಾರಿ ಇಲ್ಲವಾ? ಇದೆ. ನನ್ನ ಜೊತೆ ಓದಿದ ಭಾಲ್ಕಿಯ ಗೆಳತಿ ಜರ್ಮನಿಯಲ್ಲಿ ಅಂಗವಿಕಲ ಮಕ್ಕಳ ವಸತಿಗೃಹವೊಂದರಲ್ಲಿ ಒಂದು ವರ್ಷ ಇದ್ದಳು. ಅಲ್ಲಿ ಎಫ್.ಎಸ್.ಜೆ. ಅನ್ನುವ ಸ್ವಯಂಪ್ರೇರಿತ ಸಾಮಾಜಿಕ ವರ್ಷ 1964ರಿಂದ ಕಾಯ್ದೆಯಲ್ಲೇ ಇದೆ, 27 ತುಂಬದವರಿಗೆ. 2011ರಲ್ಲಿ ಶುರುವಾದ ಬಿ.ಎಫ್.ಡಿ. ಅನ್ನುವ ಅಲ್ಲಿನ ಕೇಂದ್ರ ಸರ್ಕಾರದ ಸ್ವಯಂಸೇವೆಗೆ ವಯಸ್ಸಿನ ಮೇಲ್ಮಿತಿ ಇಲ್ಲ. ನೀವು ಹಣ ಕಟ್ಟುವುದಿಲ್ಲ, ಅವರೇ ಕೈಖರ್ಚು ಕೊಡುತ್ತಾರೆ, ವಿಮೆ ಮಾಡಿಸುತ್ತಾರೆ. ವರ್ಷಕ್ಕೆ 25 ದಿನ ತರಬೇತಿ. ಮಕ್ಕಳ ಜೊತೆ ಕೆಲಸ ಮಾಡುವವರ ಪೊಲೀಸ್ ದಾಖಲೆ ತಪ್ಪದೆ ನೋಡುತ್ತಾರೆ. ನನ್ನ ಗೆಳತಿಯನ್ನು ಮೊದಲ ಕೆಲವು ವಾರ ಯಾವ ಮಗುವಿನ ಜೊತೆಗೂ ಒಂಟಿಯಾಗಿ ಬಿಡಲಿಲ್ಲ. ಬಟ್ಟೆ ಮಡಚುವುದು, ಸೇಬು ಹೆಚ್ಚುವುದು, ಗಾಲಿಕುರ್ಚಿ ತಳ್ಳುವುದು, ಆಯಾ ಕೆಲಸದವರ ಕೈಗೆ ಕೈ ಜೋಡಿಸುವುದು, ಇದೇ ಅವಳ ಪಾಲಿನ ಕೆಲಸ. ಬೇಸರವಾಗಿತ್ತಂತೆ. ನನಗೆ ಮಾತ್ರ ಅದನ್ನು ಕೇಳಿ ಸಮಾಧಾನವಾಯಿತು. ಅವಳು ವಾಪಸ್ ಬಂದ ದಿನ ಆ ಮಕ್ಕಳ ಬಳಿ ಅವರನ್ನು ವರ್ಷಗಟ್ಟಲೆ ನೋಡಿಕೊಂಡವರು ಇದ್ದೇ ಇದ್ದರು.

ಇದಕ್ಕೆ ಜರ್ಮನ್ ಕಲಿಯಲೇಬೇಕು, ಎ2 ಅಥವಾ ಬಿ1 ಮಟ್ಟದವರೆಗೆ, ಅಂದರೆ ದಿನನಿತ್ಯದ ಮಾತು ಆಡಿ ತಿಳಿದುಕೊಳ್ಳುವಷ್ಟು. ಪರೀಕ್ಷೆ ಬೆಂಗಳೂರಿನ ಜರ್ಮನ್ ಭಾಷಾ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದು. ಸುಮಾರು ಒಂದು ವರ್ಷದ ತಯಾರಿ ಅಂತ ಇಟ್ಟುಕೊಳ್ಳಿ. ಸಂಸ್ಥೆಗಳಿಗೆ ನೇರವಾಗಿ ಅರ್ಜಿ ಹಾಕಿ, ನಡುವೆ ದಲ್ಲಾಳಿ ಬೇಕಿಲ್ಲ.

ಆ ಒಂದು ವರ್ಷ ಸುಮ್ಮನೆ ಕೂರಬೇಡಿ. ಬೀದರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಸರ್ಟಿಫಿಕೇಟ್ ತೋರಿಸಿ, ಕೆಲಸ ಕೇಳಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವೊಂದನ್ನು ಹೇಗೆ ಹಾಜರುಪಡಿಸುತ್ತಾರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದ ಮೇಲೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಡ ಒಂಟಿ ತಾಯಿಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ, ಮಗು ಮನೆಯಲ್ಲೇ ಉಳಿಯಲಿ ಅಂತ. ಎಷ್ಟೋ ತಾಯಂದಿರಿಗೆ ಈ ಅರ್ಜಿ ತುಂಬಿಕೊಡುವವರೇ ಇಲ್ಲ. ನಿಮ್ಮ ಅಪ್ಪ ಸಾಲ ತರಲು ಹೊರಟಿರುವ 60,000 ಅಂದರೆ ಆ ಲೆಕ್ಕದಲ್ಲಿ ಒಂದು ಮಗು ಹದಿನೈದು ತಿಂಗಳು ಅವ್ವನ ಹತ್ತಿರ ಇರುವಷ್ಟು ಹಣ.

ಮುಂಗಡ ಕಟ್ಟಿದ್ದೀರಾ ಅಂತ ನೀವು ಬರೆದಿಲ್ಲ. ಕಟ್ಟಿದ್ದರೆ ಇವತ್ತೇ ರದ್ದು ಮಾಡಲು ಪತ್ರ ಹಾಕಿ, ರಸೀದಿ ಜೋಪಾನ ಇಟ್ಟುಕೊಳ್ಳಿ. ಅಪ್ಪನಿಗೆ ಹೇಳುವುದು ಕಷ್ಟ ಅನ್ನಿಸಿದರೆ ಆ ಹುಮ್ಲಾದ ತಾಯಿಯ ವಿಷಯ ಹೇಳಿ.